ಯಾವುದೋ ಮದುವೆಯ ಊಟ

ನಮ್ಮವ್ವನನ್ನು ಕುರ್ಚಿಯಲ್ಲಿ ಕೂರಿಸಿ ಬಡಿಸಬೇಕಾಗಿದ್ದ ಊಟವನ್ನು, ಮದುವೆಮನೆಯಲ್ಲಿ ಮಿಕ್ಕಿದ್ದು ಎಂದು ಹೇಳಿ ನೆಲದ ಮೇಲೆ ಉಣ್ಣಿಸಿದೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ — ಅವಳಿಗಂತೂ...

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೊಳೆನರಸೀಪುರದ ಕಲ್ಯಾಣಮಂಟಪದಲ್ಲಿ ಎಂಜಲೆಲೆ ಎತ್ತಿ ಅವ್ವ ಓದಿಸಿದಳು. ಮದುವೆಯಿದ್ದ ದಿನ ಮಿಕ್ಕ ಅನ್ನ, ಸಾಂಬಾರು ಕವರಿನಲ್ಲಿ ಮನೆಗೆ ಬರುತ್ತಿತ್ತು. ಅದನ್ನು ತಿಂದೇ ಬಿ.ಎ. ಮಾಡಿದೆ. ಹಾಗೆ ಹೇಳಿಕೊಳ್ಳಲು ಈಗ ಹೆಮ್ಮೆ. ಆಗ ಇರಲಿಲ್ಲ. ಬೇರೆ ಕೆಲಸ ಸಿಗದೆ, ಬಡವರ ಮಕ್ಕಳಿಗೆ ಹೋಟೆಲ್ ಕೆಲಸ ಕಲಿಸುವ ಹಾಸನದ ಕೇಂದ್ರಕ್ಕೆ ಸೇರಿದಾಗ, "ನಮ್ಮಮ್ಮಂದು ಕೇಟರಿಂಗು" ಎಂದು ಎಲ್ಲರ ಮುಂದೆ ಹೇಳಿಬಿಟ್ಟಿದ್ದೆ.

ಆ ಕೇಂದ್ರದಲ್ಲೊಂದು ಪದ್ಧತಿ. ತರಬೇತಿಯ ಕೊನೆಯ ದಿನ ಹೆತ್ತವರೇ ಅತಿಥಿಗಳು. ಬಿಳಿ ಬಟ್ಟೆ ಹಾಸಿದ ಮೇಜು, ಗಾಜಿನ ಲೋಟ, ತಾವರೆಯಂತೆ ಮಡಿಸಿಟ್ಟ ಕಾಗದದ ಕರವಸ್ತ್ರ — ಮಕ್ಕಳೇ ಕುರ್ಚಿ ಎಳೆದು ಕೂರಿಸಿ ಬಡಿಸಬೇಕು. ನನಗೆ ಒಂದೇ ಭಯ. ಅವ್ವ ಉಂಡ ಮೇಲೆ ಸುಮ್ಮನೆ ಕೂರುವವಳಲ್ಲ. ಅಭ್ಯಾಸಬಲದಿಂದ ಎದ್ದು ಎಲ್ಲರ ತಟ್ಟೆ ಎತ್ತತೊಡಗಿದರೆ? ಅವಳಿಗೆ ವಿಷಯವನ್ನೇ ಹೇಳಲಿಲ್ಲ. ನಮಗೆ ಕಲಿಸುತ್ತಿದ್ದ ಮೇಡಂಗೆ, ಅವ್ವನಿಗೆ ಜ್ವರ ಎಂದೆ.

ಅವತ್ತು ನಾನು ಕಂಡದ್ದು — ಹೇಗೆ ಹೇಳಲಿ. ಮಲ್ಲಿಪಟ್ಟಣದ ಕಡೆಯ ಶೋಭಾ ನನ್ನ ಜೊತೆಯವಳು. ಅವಳಪ್ಪ ಕೂಲಿ ಮಾಡುವವರು. ಮಗಳು ಕುರ್ಚಿ ಎಳೆದರೆ, ಬೇರೆ ಯಾರಿಗೋ ಎಂದುಕೊಂಡು ಪಕ್ಕಕ್ಕೆ ಸರಿದು ನಿಂತರು. "ನಿಂಗೇ ಕಣಪ್ಪಾ, ಕೂತ್ಕೊ" ಅಂದಳು. "ಏನವ್ವಾ, ಮದ್ವೆ ಗಂಡ್ನಂಗೆ ಕೂರಿಸ್ಬುಟ್ಯಲ್ಲ" ಎನ್ನುತ್ತಾ ಕುರ್ಚಿಯ ಅಂಚಿನಲ್ಲಿ ಕೂತರು. ಉಂಡರು. ಆಮೇಲೆ ನಾನು ಹೆದರಿದ್ದೇ ಆಯಿತು — ತಮ್ಮ ತಟ್ಟೆಯ ಮೇಲೆ ಪಕ್ಕದವರ ತಟ್ಟೆಯನ್ನೂ ಇಟ್ಟುಕೊಂಡು ಎದ್ದುಬಿಟ್ಟರು.

ಶೋಭಾ ನಗಲಿಲ್ಲ, ನಾಚಲಿಲ್ಲ. ಎರಡೂ ಕೈ ಚಾಚಿ ತಟ್ಟೆಗಳನ್ನು ತೆಗೆದುಕೊಂಡಳು.

"ಬುಡಪ್ಪ. ಇವತ್ತು ಅದು ನನ್ ಕೆಲ್ಸ."

ಅವರು ಮತ್ತೆ ಕೂತರು — ಈ ಸಲ ಬೆನ್ನನ್ನು ಕುರ್ಚಿಗೆ ಪೂರ್ತಿ ಆನಿಸಿ. ಆಮೇಲೆ ದೊಡ್ಡ ದೊಡ್ಡ ಹೋಟೆಲುಗಳಲ್ಲಿ ಕೆಲಸ ಮಾಡಿದ್ದೇನೆ. ಅಷ್ಟು ದೊಡ್ಡದನ್ನು ಇನ್ನೆಲ್ಲೂ ಕಂಡಿಲ್ಲ.

ನನ್ನ ಮೇಜಿನ ಕುರ್ಚಿ ಖಾಲಿ ಇತ್ತು.

ಹೊರಡುವಾಗ ಮೇಡಂ ಅವ್ವನ ಪಾಲನ್ನು ಡಬ್ಬಿಗೆ ಹಾಕಿ, ನಾನೇ ಮಡಿಸಿದ್ದ ತಾವರೆಯನ್ನು ಅದರ ಮೇಲಿಟ್ಟು ಕೊಟ್ಟರು. ತಾವರೆಯನ್ನು ಬಸ್ಸಿನ ಸೀಟಿನ ಮೇಲೆ ಬಿಟ್ಟು ಇಳಿದೆ.

ತರಬೇತಿಯವರು ನಮ್ಮನ್ನು ಮದುವೆಗಳಿಗೆ ಬಡಿಸಲು ಕಳಿಸುತ್ತಿದ್ದುದು ಅವ್ವನಿಗೆ ಗೊತ್ತಿತ್ತು. ಡಬ್ಬಿಯ ಮುಚ್ಚಳ ತೆಗೆದು, "ಯಾರ್ ಮದ್ವೇದವ್ವಾ?" ಅಂದಳು. ಆಗಲಾದರೂ ಹೇಳಬಹುದಿತ್ತು. ಬಾಯಿಗೆ ಬಂದದ್ದು —

"ಯಾವ್ದೋ ಮದ್ವೇದು."

ಒಂದಗುಳೂ ಬಿಡದೆ ಉಂಡಳು. ಕೈ ತೊಳೆದು, ಎಂದಿನಂತೆ ಕಾಣದವರನ್ನು ಹರಸಿದಳು: "ಇಕ್ಕಿದ್ ಕೈ ತಣ್ಣಗಿರ್ಲಿ." ಇಕ್ಕಬೇಕಾಗಿದ್ದ ಕೈ ಅವಳ ಎದುರಿಗೇ ಇತ್ತು. ದುಪಟ್ಟಾದಡಿ ಮುಚ್ಚಿಕೊಂಡೆ.

ಈಗ ಅದೇ ಕೇಂದ್ರದಲ್ಲಿ ನಾನು ಕಲಿಸುತ್ತೇನೆ. ಪ್ರತಿ ತಂಡದ ಹೆತ್ತವರನ್ನೂ ನಾನೇ ಫೋನ್ ಮಾಡಿ ಕರೆಯುತ್ತೇನೆ — ನನ್ನವ್ವನೊಬ್ಬಳನ್ನು ಮಾತ್ರ ಇದುವರೆಗೆ ಕರೆದಿರಲಿಲ್ಲ. ಪ್ರತಿ ಸಲವೂ ಯಾರದೋ ತಾಯಿ ತಟ್ಟೆ ಹಿಡಿದು ಏಳುತ್ತಾಳೆ, ಮಗಳದೋ ಮಗನದೋ ಕೈ ಮುಂದೆ ಬರುತ್ತದೆ. ಪ್ರತಿ ಸಲವೂ ನನ್ನ ಮೈ ಜುಮ್ಮೆನ್ನುತ್ತದೆ. ಆಮೇಲೆ ತಲೆ ತಗ್ಗುತ್ತದೆ.

ನಾಳೆ ಈ ತಂಡದವರ ಊಟ. ಈ ಸಲ ಅವ್ವನಿಗೂ ಬಾ ಎಂದಿದ್ದೇನೆ. ಯಾವ ಸೀರೆ ಉಡಲಿ ಎಂದು ಬೆಳಗಿನಿಂದ ಕೇಳುತ್ತಿದ್ದಾಳೆ. ಅಂದಿನ ಊಟ ಯಾರದಾಗಿತ್ತೆಂದು ಬಡಿಸುವ ಮೊದಲೇ ಹೇಳುತ್ತೇನೆ. ಕೇಳಿದ ಮೇಲೆ ಕೂರುವುದು, ಬಿಡುವುದು ಅವಳ ಇಷ್ಟ. ಉಂಡ ಮೇಲೆ ಹೇಳೋಣವೆಂದರೆ — ಅಷ್ಟರಲ್ಲಿ ಅವಳು ಏನೂ ತಿಳಿಯದೆ ಈ ಕೈಯನ್ನು ಹರಸಿಬಿಟ್ಟಿರುತ್ತಾಳೆ.