ಗೂಡಿನಲ್ಲಿ ಒಂದು ಹೆಚ್ಚು

ಕುಲಗೋತ್ರ ವಿಚಾರಿಸುವುದರಲ್ಲಿ ನಮ್ಮ ಕಡೆಯ ಹಿರಿಯರನ್ನೂ ಮೀರಿಸುವ ಪ್ರಾಣಿ ಒಂದಿದೆ. ಅದು ಹಳೆಯ ಕೋಳಿ. ಹಿತ್ತಿಲಿಗೆ ಹೊಸ ಕೋಳಿ ಬಂದರೆ ಸಾಕು, ಹಳೆಯವು ಸುತ್ತುವರಿದು, ಕತ್ತು ಓರೆ ಮಾಡಿ ನೋಡಿ, ಆಮೇಲೆ ನೆತ್ತಿಗೇ ಕುಕ್ಕುತ್ತವೆ. ಹೆಣ್ಣು ನೋಡಲು ಹೋಗಿದ್ದಾಗ ನನ್ನ ಹೆಂಡತಿಯ ಸೋದರಮಾವಂದಿರು ನನ್ನನ್ನು ನೋಡಿದ್ದೂ ಹಾಗೆಯೇ.

ಎಪ್ಪತ್ತರ ದಶಕದ ಮಾತು. ನಾನು ಹಲಗೂರಿನ ಹತ್ತಿರ ಲೆಕ್ಕದ ಮೇಷ್ಟ್ರು. ಹೆಂಡತಿ ಭಾಗ್ಯ ಬಸುರಿ. ಮೊದಲ ಕೂಸು ಉಳಿದಿರಲಿಲ್ಲ. ಈ ಸಲ ಮನೆಯವರೆಲ್ಲ ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದೆವು. ಮೊಟ್ಟೆಗೆ ಕೊರತೆಯಾಗಬಾರದೆಂದು ಮಳವಳ್ಳಿ ಸಂತೆಯಿಂದ ಆರು ಹ್ಯಾಟೆಗಳನ್ನು, ಅಂದರೆ ಇನ್ನೂ ಮೊಟ್ಟೆಯಿಡದ ಎಳೆಯ ಕೋಳಿಗಳನ್ನು ತಂದೆ. ಹಳೆಯವೂ ಆರೇ. ಅವನ್ನು ಕೂಡಿಸಲು ನಮ್ಮವ್ವನದೊಂದು ಪದ್ಧತಿಯಿತ್ತು. ಮುಸ್ಸಂಜೆ ಎಲ್ಲಕ್ಕೂ ಒಲೆಯ ಬೂದಿ ಬಳಿದು ಒಂದೇ ಗೂಡಿಗೆ ತುಂಬುವುದು.

"ಬೆಳುಗ್ಗೆ ಎದ್ರೆ ನೆಂಟ್ರು ಯಾರು, ಮನೆಯೋರು ಯಾರು ಅಂತ ಅವುಕ್ಕೇ ಗೊತ್ತಾಗಾಕಿಲ್ಲ ಕಣ್ಲಾ" ಎಂದಳು. ಕೋಳಿಗಳಿಗಿಂತ ನನಗೇ ಹೆಚ್ಚು ಬೂದಿಯಾಯಿತು.

ಬೆಳಿಗ್ಗೆ ಜಗಳವಿಲ್ಲ, ಕುಕ್ಕಾಟವಿಲ್ಲ, ಸದ್ದೇ ಇಲ್ಲ. ಬೂದುಬಣ್ಣದ ಕೋಳಿಗಳು ಒಂದೊಂದಾಗಿ ಹೊರಬಂದು ನಮ್ಮನ್ನೇ ನೋಡುತ್ತ ನಿಂತವು. ಎಣಿಸಿದೆ. ಹದಿಮೂರು.

ಮೇಷ್ಟ್ರ ಲೆಕ್ಕವನ್ನು ನಂಬದೆ ಅವ್ವ ತಾನೂ ಎಣಿಸಿದಳು. ಹದಿಮೂರೇ. ಸಂತೆಯವನು ಒಂದು ಕೋಳಿ ಪುಕ್ಕಟೆ ಕೊಟ್ಟನೆಂದು ನಂಬುವುದಕ್ಕಿಂತ ದೆವ್ವವನ್ನು ನಂಬುವುದು ಸುಲಭ. ಅಕ್ಕಪಕ್ಕ ವಿಚಾರಿಸಿದೆ, ಯಾರ ಕೋಳಿಯೂ ಕಳೆದಿರಲಿಲ್ಲ. ಅವ್ವನ ಮುಖ ಸಣ್ಣದಾಯಿತು. ನಮ್ಮ ಕಡೆ ಕಾಯಿಲೆಯವರಿಗೆ ಕೋಳಿ ನಿವಾಳಿಸಿ, ಅರಿಶಿನ ಕುಂಕುಮ ಹಚ್ಚಿ, ಮೂರು ದಾರಿ ಕೂಡುವಲ್ಲಿ ಬಿಟ್ಟು ಬರುವುದುಂಟು. ಅವರ ಪೀಡೆ ಅದರ ಜೊತೆ ಹೊರಟುಹೋಗುತ್ತದೆ. ಆ ಕೋಳಿ ಹೋಗಿ ಸೇರಿಕೊಂಡ ಮನೆಯ ಗತಿ?

"ಕತ್ಲಲ್ಲಿ ಗೂಡತ್ರ ನಿಂತಿದ್ದುಕ್ಕೆ ನಾನೇ ಬೂದಿ ಬಳ್ದು ಒಳುಕ್ಕೆ ತುಂಬ್ಬುಟ್ನೋ ಏನೋ" ಎಂದು ಅವ್ವ ಕುಸಿದು ಕೂತಳು.

ಅಮೃತದ ಪಂಕ್ತಿಯಲ್ಲಿ ರಾಹು ಸೇರಿಕೊಂಡಾಗ ಗುರುತು ಹಿಡಿಯಲು ಸೂರ್ಯಚಂದ್ರರಿದ್ದರು. ನಮ್ಮಲ್ಲಿ ಆ ಕೆಲಸ ಮಾಡಬೇಕಾಗಿದ್ದ ಹಳೆಯ ಕೋಳಿಗಳಿಗೆ ನಾವೇ ಬೂದಿ ಬಳಿದು ಕೂತಿದ್ದೆವು.

ಅಂದು ಇಡೀ ದಿನ ಒಂದು ಕೋಳಿಯೂ ಕೂಗಲಿಲ್ಲ. ಭಾಗ್ಯ ಹೋದಲ್ಲೆಲ್ಲ ಹಿಂದೆ ಹೋದವು. ಅವಳು ಕೂತರೆ ಸುತ್ತಲೂ ಕೂತು ಅವಳ ಹೊಟ್ಟೆಯನ್ನೇ ನೋಡಿದವು. ಮಕ್ಕಳಿಗೆ ದೆವ್ವಭೂತವೆಲ್ಲ ಸುಳ್ಳೆಂದು ಪಾಠ ಹೇಳುತ್ತಿದ್ದ ನಾನು, ಸುಳ್ಳೇಕೆ, ಮೆಲ್ಲಗೆ ಹೋಗಿ ದೇವರ ಮುಂದೆ ಒಂದು ದೀಪ ಹಚ್ಚಿದೆ.

ಸಂಜೆಗೆ ಅವ್ವ, "ಎಲ್ಲಾನೂ ಮಂಕ್ರಿಗ್ ತುಂಬ್ಕಂಡು ಊರಾಚೆ ಬುಟ್ಬಾರ್ಲಾ. ಕೂಸು ನೆಟ್ಟಗೆ ಬಂದ್ರೆ ಸಾಕು, ಕೋಳಿ ಆಳಾಗೋಗ್ಲಿ" ಎಂದಳು. ನಾನು ಬಿದಿರಿನ ಮಂಕರಿ ತಂದೆ. ಭಾಗ್ಯ ಗೂಡಿಗೆ ಅಡ್ಡ ನಿಂತಳು.

"ಬ್ಯಾಡ ಬುಡಿ ಅತ್ತೆ. ಯಾರೋ ಅವ್ರ ಕಷ್ಟನೆಲ್ಲ ಅದ್ರ ತಲೆಗೆ ಕಟ್ಟಿ ಓಡ್ಸವ್ರೆ. ನಾವೂ ಓಡ್ಸುದ್ರೆ ಅದೆಲ್ಗೆ ಓಗ್ಬೇಕು? ಮನೇಲಿ ಒಂದು ಜೀವ ಎಚ್ಚಾಗ್ಲಿ ಅಂತ ತಾನೆ ನೀವು ದಿನಾ ಕೈ ಮುಗಿಯೋದು? ಒಂದು ಎಚ್ಚಾಯ್ತಲ್ಲ!"

ಅವ್ವ ಮಂಕರಿಯನ್ನು ಮೂಲೆಯಲ್ಲಿ ಕವುಚಿಟ್ಟಳು. ಭಾಗ್ಯ ಕೋಳಿಗಳನ್ನು ಒಳಗೆ ಅಟ್ಟಿದಳು. ಕೊನೆಯದೊಂದು ಬಾಗಿಲಲ್ಲೇ ನಿಂತು ಅವಳನ್ನು ಬಹಳ ಹೊತ್ತು ನೋಡಿತು. "ಓಗು, ಒಳುಕ್ಕೋಗು" ಎಂದಳು. ಹೋಯಿತು.

ದಿನ ತುಂಬಿದ ಮೇಲೆ ಮಗಳು ಹುಟ್ಟಿದಳು, ಓಣಿಗೆಲ್ಲ ಕೇಳುವಂತೆ ಅತ್ತಳು. ಕೋಳಿಗಳೆಲ್ಲ ಸದ್ದಿಲ್ಲದೆ ಬಂದು ಹಿತ್ತಿಲ ಬಾಗಿಲಲ್ಲಿ ನಿಂತು, ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದವು. ಅವುಗಳ ಲೆಕ್ಕದಲ್ಲೂ ಅಂದು ಒಂದು ಹೆಚ್ಚಾಗಿರಬೇಕು. ಅವು ಮಂಕರಿ ತರಲಿಲ್ಲ.