ಬ್ರೇಕಮ್ಮನ ಕೆಂಪು ಕಾರು

ಡ್ರೈವಿಂಗ್ ಸ್ಕೂಲಿನಲ್ಲಿ ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಬ್ರೇಕಮ್ಮ. ಆ ಹೆಸರು ಅವಳ ಕಿವಿಗೆ ಬೀಳದೆ ಇರಲಿಲ್ಲ. ಬಿದ್ದರೂ ಬೇಜಾರು ಮಾಡಿಕೊಂಡವಳಲ್ಲ. ಕಲಿಯಲು ಬಂದವರು ಗಾಬರಿಬಿದ್ದು ಕೈಕಾಲು ಬಿಟ್ಟಾಗ ಗಾಡಿ ನಿಲ್ಲಿಸುತ್ತಿದ್ದುದು ಅವಳ ಕಾಲೇ ತಾನೆ?

ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲ ಬಳಿಯೂ ಪೆಡಲ್‌ಗಳಿರುತ್ತವೆ. ಎರಡೇ ಎರಡು. ಎಡಕ್ಕೆ ಕ್ಲಚ್ಚು, ಬಲಕ್ಕೆ ಬ್ರೇಕು. ಆಕ್ಸಿಲರೇಟರ್ ಇರುವುದಿಲ್ಲ. ಹೇಳಿಕೊಡುವವರು ಗಾಡಿ ಓಡಿಸಿ ಆಗಬೇಕಾದ್ದೇನು? ಚಪ್ಪಲಿ ಬಿಚ್ಚಿ, ಬಲಗಾಲನ್ನು ಆ ಬ್ರೇಕಿನ ಮೇಲೆ ಹೂವಿಟ್ಟಂತೆ ಇಟ್ಟುಕೊಂಡು ಅವಳು ಅರ್ಧ ಆಯುಷ್ಯ ಕಳೆದಳು. ಲೈಸೆನ್ಸು ಅವಳಿಗೂ ಇತ್ತು. ಆದರೆ ಸ್ಟಿಯರಿಂಗ್ ಹಿಡಿಯುವವರು ಫೀಸು ಕೊಟ್ಟವರು, ಅವಳು ಸಂಬಳ ತೆಗೆದುಕೊಳ್ಳುವವಳು. ಸಂಜೆ ಗಾಡಿಯನ್ನು ಸ್ಕೂಲಿಗೆ ತಂದು ಬಿಡುತ್ತಿದ್ದವರೂ ಕೊನೆಯ ಪಾಠದವರೇ. ಸ್ವಂತದ್ದೊಂದು ಕಾರು ಎಂಬುದು ಗಂಡ ಇರುವ ತನಕ ಮಾತಾಗಿಯೇ ಉಳಿಯಿತು. ಗಂಡ ಹೋದ ಮೇಲೆ ಮಗಳ ಮನೆ ಸೇರಿದಳು.

ಅಳಿಯ ಅವಳ ಹಳೆಯ ಶಿಷ್ಯನೇ. ಗೇರು ಹಾಕುವಾಗಲೆಲ್ಲ ಕೆಳಗೆ ಬಗ್ಗಿ ನೋಡುತ್ತಿದ್ದ. "ಏನೋ, ಅಲ್ಲೇನು ನಾಣ್ಯ ಬಿದ್ದಿದೆಯಾ? ರಸ್ತೆ ನೋಡೋ!" ಎಂದು ಎಷ್ಟು ಸಲ ಬೈದಿದ್ದಳೋ. ಮಗಳ ಕೈಹಿಡಿದ ದಿನದಿಂದ ಅವನು 'ನೀವು' ಆದ. ಬೈಗುಳ ಅಲ್ಲಿಗೆ ಬಾಯಿ ಮುಚ್ಚಿತು.

ಸ್ಕೂಲಿನ ಯಜಮಾನ ಬಾಗಿಲು ಹಾಕಿ, ಕೊಡಬೇಕಾದ್ದನ್ನು ಕೈಗಿಟ್ಟು ಕಳಿಸಿದಾಗ ಬ್ರೇಕಮ್ಮ ಮನೆಗೆ ಬಂದು ಒಂದೇ ಮಾತು ಹೇಳಿದಳು.

"ನಂಗೊಂದು ಕಾರು ಬೇಕು. ಗಾತ್ರ ಚಿಕ್ಕದಿರ್ಲಿ, ಎಂಜಿನ್ ಮಾತ್ರ ದೊಡ್ಡದಿರ್ಬೇಕು."

"ಅದಕ್ಕೆ ಹಾಟ್ ಹ್ಯಾಚ್ ಅಂತಾರೆ ಅತ್ತೆ," ಅಳಿಯನ ಕಣ್ಣು ಅರಳಿತು.

"ಬಿಸಿ ಆದ್ರೆ ರೇಡಿಯೇಟರಿಗೆ ನೀರು ಹಾಕಿದ್ರಾಯ್ತು ಬಿಡಿ."

ಮಗಳು ನಗುತ್ತಲೇ, "ಅಮ್ಮಾ, ಈ ವಯಸ್ಸಲ್ಲಿ ನಿಂಗ್ಯಾಕೆ ಅಷ್ಟು ಸ್ಪೀಡು? ಯಾರು ಅಟ್ಟಿಸ್ಕೊಂಡು ಬರ್ತಿದಾರೆ?" ಎಂದಳು.

"ನಿಲ್ಲಿಸಿ ನಿಲ್ಲಿಸಿ ಸಾಕಾಗಿದೆ ಕಣೆ," ಎಂದಳು ಬ್ರೇಕಮ್ಮ.

ಹಳೆಯ ಕಾರುಗಳನ್ನು ಮಾರುವ ಅಂಗಳಕ್ಕೆ ಅತ್ತೆ ಅಳಿಯ ಇಬ್ಬರೂ ಹೋದರು. ವ್ಯಾಪಾರಿ ತೋರಿಸಿದ್ದರಲ್ಲಿ ಎರಡು ಉಳಿದುಕೊಂಡವು. ಒಂದು ಕೆಂಪು, ಒಂದು ಬೂದು. ಕೆಂಪಿನದಕ್ಕೆ ಮುಂದೆ ಎರಡೇ ಬಾಗಿಲು, ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟು ಮಡಚಿ ನುಸುಳಬೇಕು. ಕ್ಲಚ್ಚು ಗಟ್ಟಿ, ಸ್ಪ್ರಿಂಗು ಇನ್ನೂ ಗಟ್ಟಿ. ಸಣ್ಣ ಕಲ್ಲಿನ ಮೇಲೆ ಹತ್ತಿದರೂ ಬೆನ್ನಿಗೆ ಸುದ್ದಿ ಮುಟ್ಟುತ್ತಿತ್ತು. ಹಿಂದೆ ಓಡಿಸಿದವನು ದಿನವೂ ಇಳಿದು ಹತ್ತಿ ಮಾಡಿದ್ದಕ್ಕೆ ಡ್ರೈವರ್ ಸೀಟಿನ ಅಂಚು ಸವೆದಿತ್ತು. ಬೂದುಬಣ್ಣದ್ದಕ್ಕೆ ನಾಲ್ಕು ಬಾಗಿಲು, ತಾನೇ ಬದಲಾಗುವ ಗೇರು, ಅಷ್ಟೇ ಬಲದ ಎಂಜಿನ್ನು. ಆದರೆ ಅದು ಓಡುವುದೇ ಗೊತ್ತಾಗುತ್ತಿರಲಿಲ್ಲ.

"ಕಣ್ಣು ಮುಚ್ಚಿ ಬೂದುಬಣ್ಣದ್ದು ತಗೊಳ್ಳಿ ಅತ್ತೆ," ಎಂದ ಅಳಿಯ. ಬೂದುಬಣ್ಣದ್ದನ್ನು ಒಂದು ಸುತ್ತು ಅವನೇ ಓಡಿಸಿ ಬಂದಿದ್ದ. "ನಮ್ಮ ಮಗೂನ ಹತ್ತಿಸೋಕೂ ಸಲೀಸು. ಗೇರಿನ ತಾಪತ್ರಯವೂ ಇಲ್ಲ."

"ಗೇರು ಹಾಕೋದು ತಾಪತ್ರಯ ಅನ್ನೋರು ಆಟೋ ಹತ್ತಬೇಕು," ಎಂದು ಅವಳು ಕೆಂಪಿನ ಕೀಲಿಗೆ ಕೈ ಚಾಚಿದಳು.

ವ್ಯಾಪಾರಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅಮ್ಮಾ, ಇದು ಸ್ವಲ್ಪ ತುಂಟ ಗಾಡಿ."

"ತುಂಟರನ್ನೇ ಸಾಕಿದೀನಿ, ಕೊಡಪ್ಪ."

ಅಳಿಯ ಪಕ್ಕದಲ್ಲಿ ಕುಳಿತ. ದೊಡ್ಡ ರಸ್ತೆಗೆ ಹತ್ತಿ ಮೂರನೆಯ ಗೇರಿಗೆ ಹಾಕಿದಾಗ ಎಂಜಿನ್ನು ಒಂದು ಕ್ಷಣ ಯೋಚಿಸಿದಂತೆ ತಡೆದು, ಆಮೇಲೆ ಎಳೆಯಿತು ನೋಡಿ, ಅವಳ ಬೆನ್ನು ಸೀಟಿಗೆ ಅಂಟಿತು. ಎದೆಯೊಳಗೆ ಏನೋ ಸಡಿಲವಾಯಿತು. ಇಷ್ಟು ವರ್ಷ ಬೇರೆಯವರ ಭಯವನ್ನು ಕಾಲಡಿಯಲ್ಲಿ ಒತ್ತಿಕೊಂಡು ಕುಳಿತಿದ್ದವಳು ಮೊದಲ ಸಲ ಯಾರ ತಪ್ಪನ್ನೂ ಕಾಯುತ್ತಿರಲಿಲ್ಲ. ತಿರುವಿನಲ್ಲಿ ಕಾರು ರಸ್ತೆಯನ್ನು ಕಚ್ಚಿ ಹಿಡಿಯಿತು. ಅವಳು ಬಾಯಿಬಿಟ್ಟು ನಕ್ಕಳು. ಇದೇ ಇರಲಿ ಎಂದು ಅಲ್ಲೇ ಮನಸ್ಸು ಮಾಡಿದಳು.

ಅಂಗಳಕ್ಕೆ ನಿಧಾನವಾಗಿಯೇ ವಾಪಸು ಬಂದಳು. ಕಾರುಗಳ ಸಾಲಿನ ಮರೆಯಿಂದ ಕೆಲಸದವನೊಬ್ಬ ಹಳೆಯ ಟೈರು ಉರುಳಿಸಿಕೊಂಡು ಅಡ್ಡ ಬಂದ. ಬ್ರೇಕಮ್ಮನ ಕಾಲು ಎಂದೂ ತಪ್ಪಿದ್ದಲ್ಲ. ಅಂದೂ ಕಣ್ಣಿಗಿಂತ ಮುಂಚೆ ಅದಕ್ಕೆ ತಿಳಿಯಿತು. ಬಲಗಡೆಯ ಕೊನೆಯ ಪೆಡಲನ್ನು ಜಪ್ಪಿಸಿ ಒತ್ತಿತು. ಅವಳು ಕುಳಿತು ಅಭ್ಯಾಸವಾದ ಜಾಗದಲ್ಲಿ ಅದು ಬ್ರೇಕು. ಡ್ರೈವರ್ ಸೀಟಿನಲ್ಲಿ ಅದು ಆಕ್ಸಿಲರೇಟರು, ಬ್ರೇಕು ಅದರ ಎಡಕ್ಕೆ.

ಕೆಂಪು ಕಾರು ಕೂಗಿಕೊಂಡು ಹಾರಿತು. ಕೆಲಸದವನು ಟೈರು ಬಿಟ್ಟು ಪಕ್ಕಕ್ಕೆ ಜಿಗಿದ. ಕಾರು ಗೇಟಿನ ಕಂಬಕ್ಕೆ ಮೂತಿ ಜಜ್ಜಿಕೊಂಡು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ದೀಪದ ಗಾಜು ಸುರಿದ ಸದ್ದು ನಿಂತ ಮೇಲೂ ಅವಳ ಕಾಲು ಆ ಪೆಡಲನ್ನು ಒತ್ತಿಕೊಂಡೇ ಇತ್ತು. ಅಳಿಯ ಕೈ ಚಾಚಿ ಕೀಲಿ ತಿರುಗಿಸಿ ಎಂಜಿನ್ ಆರಿಸಿದ.

"ಮುರಿದವರು ಮನೆಗೆ ಕರ್ಕೊಂಡು ಹೋಗ್ಬೇಕಮ್ಮಾ," ಎಂದ ವ್ಯಾಪಾರಿ. ಜಗಳಕ್ಕೆ ಜಾಗವೇ ಇರಲಿಲ್ಲ. ಹೀಗೆ ಎರಡು ಕಾರಿನಲ್ಲಿ ಅವಳು ಮೆಚ್ಚಿದ್ದೇ ಅವಳದಾಯಿತು, ಅವಳ ಹೆಸರಿಗೇ ಆಯಿತು. ರಿಪೇರಿಯಾದ ಮೇಲೆ ಅಳಿಯ ಓಡಿಸಿಕೊಂಡು ಮನೆಗೆ ತಂದ.

ಮನೆಯಲ್ಲಿ ಯಾರೂ ಅವಳಿಗೆ ಓಡಿಸಬೇಡ ಎನ್ನಲಿಲ್ಲ. ಅನ್ನಬೇಕಾಗಿರಲಿಲ್ಲ. ಇಂಥ ಕಾಲಿನವಳು ಕಲಿಯಲು ಬಂದಿದ್ದರೆ ಅವಳೇ ರಸ್ತೆಗೆ ಬಿಡುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತು ತಿದ್ದುತ್ತಿದ್ದಳು. ಆದರೆ ಅವಳ ಪಕ್ಕ ಕುಳಿತುಕೊಳ್ಳುವವರು ಯಾರು? ಎಂಜಿನ್ ಹಚ್ಚದೆ ಒಬ್ಬಳೇ ನಿಂತ ಕಾರಿನಲ್ಲಿ ಕುಳಿತು ಕಾಲಿಗೆ ಪಾಠ ಹೇಳಿದಳು. ಎಡಕ್ಕೆ ತಾ, ಒತ್ತು. ಎಡಕ್ಕೆ ತಾ, ಒತ್ತು. ಬೆಳಗಿನ ಹೊತ್ತು ಅಳಿಯ ಬಂದು ಗಾಜು ತಟ್ಟುತ್ತಿದ್ದ.

"ಅತ್ತೆ, ಆಫೀಸಿಗೆ ಹೊತ್ತಾಯ್ತು."

ಇಳಿದು ಅವನಿಗೆ ಕಾರು ಬಿಟ್ಟುಕೊಡುತ್ತಿದ್ದಳು. ಒಂದು ಸಲ ಬಾಯಿಬಿಟ್ಟು ಕೇಳಿದಳು. "ರಜಾ ದಿನ ಒಂದು ಗಳಿಗೆ ನನ್ನ ಪಕ್ಕ ಕೂತ್ಕೊಳ್ತೀರಾ? ಬಯಲಲ್ಲಿ ನಾಲ್ಕು ಸುತ್ತು ಹಾಕ್ತೀನಿ, ಅಷ್ಟೆ."

"ಅಯ್ಯೋ, ಅದಕ್ಕೇನು ಅತ್ತೆ, ಮುಂದಿನ ವಾರ ಖಂಡಿತ."

ಮುಂದಿನ ವಾರಗಳು ಬಹಳ ಬಂದವು. ಅವನು ಓಣಿಯವರ ಹತ್ತಿರ 'ನನ್ನ ಗಾಡಿ' ಎನ್ನಲು ಶುರುಮಾಡಿದ. ಸೈಲೆನ್ಸರಿನ ಸದ್ದು ತಿರುವಿನಾಚೆ ಇರುವಾಗಲೇ ಮಗಳು ಅನ್ನಕ್ಕೆ ಇಡುತ್ತಿದ್ದಳು. ಬ್ರೇಕಮ್ಮ ಒಳಗೆ ಕುಳಿತೇ, ಮೂರರಿಂದ ಎರಡಕ್ಕೆ ಇಳಿಸಿದ, ಕ್ಲಚ್ಚು ಬೇಗ ಬಿಟ್ಟ, ಎಂದು ಗೋಡೆಗೆ ಹೇಳುತ್ತಿದ್ದಳು.

ಒಂದು ದಿನ ಊಟಕ್ಕೆ ಕುಳಿತಾಗ ಮಗಳು ಮಾತು ತೆಗೆದಳು. "ಅಮ್ಮಾ, ಆ ಬೂದುಬಣ್ಣದ ಕಾರು ಇನ್ನೂ ಮಾರಾಟ ಆಗಿಲ್ವಂತೆ. ಕೆಂಪು ಕೊಟ್ಟು ಅದನ್ನೇ ತಗೊಳ್ಳೋಣ ಅಂತ ಇವರು ಮಾತಾಡಿ ಬಂದಿದಾರೆ. ಮಗೂನ ಹಿಂದೆ ಕೂರ್ಸೋಷ್ಟರಲ್ಲಿ ನನ್ನ ನಡು ಬಿದ್ದುಹೋಗುತ್ತೆ."

"ನೀವೇನಂತೀರಿ ಅತ್ತೆ?" ಎಂದ ಅಳಿಯ. "ನಿಮ್ಮ ಒಪ್ಪಿಗೆ ಇದ್ರೆ ಮಾತ್ರ. ಸಹಿ ನೀವೇ ಹಾಕ್ಬೇಕಲ್ಲ."

ಬ್ರೇಕಮ್ಮ ತಟ್ಟೆಯ ಅಂಚಿನ ಅನ್ನವನ್ನು ನಡುವಿಗೆ ಎಳೆದುಕೊಂಡಳು. "ಹಾಕ್ತೀನಿ. ಆ ಅಂಗಳದ ತನಕ ನಾನೇ ಓಡಿಸ್ಕೊಂಡು ಬರ್ತೀನಿ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಸರಿ ಅತ್ತೆ," ಎಂದ ಅವನು. "ಪಕ್ಕದಲ್ಲಿ ನಾನಿರ್ತೀನಲ್ಲ."

ಮರುದಿನ ಅವಳು ಚಪ್ಪಲಿ ಬಿಚ್ಚಿ ಹತ್ತಿದಳು. ಕನ್ನಡಿ ಸರಿಮಾಡಿಕೊಂಡಳು. ಕಾಲಿಗೆ ಕಲಿಸಿದ ಪಾಠ ಹತ್ತಿತ್ತು. ಮೊದಲ ಅಡ್ಡರಸ್ತೆಯಲ್ಲಿ ಬ್ರೇಕು ಬೇಕಾದಾಗ ಕಾಲು ಎಡಕ್ಕೇ ಹೋಯಿತು, ಮೆತ್ತಗೆ ಒತ್ತಿತು. ಖುಷಿಯಿಂದ ಹೇಳಬೇಕೆಂದು ಪಕ್ಕಕ್ಕೆ ತಿರುಗಿದಳು. ಅಳಿಯನ ಅಂಗೈ ಹ್ಯಾಂಡ್‌ಬ್ರೇಕಿನ ಮೇಲಿತ್ತು. ಹಿಡಿದಿರಲಿಲ್ಲ, ಸುಮ್ಮನೆ ಇಟ್ಟುಕೊಂಡಿದ್ದ.

"ಕೈ ತೆಗಿ," ಎಂದಳು.

ಎಷ್ಟೋ ವರ್ಷಕ್ಕೆ 'ನೀನು' ವಾಪಸು ಬಂದಿತ್ತು. ಅವನು ಬೆಚ್ಚಿ, "ಸುಮ್ನೆ ಇಟ್ಕೊಂಡಿದ್ದೆ ಅತ್ತೆ," ಎಂದು ನಗುತ್ತ ಕೈ ತೊಡೆಯ ಮೇಲಿಟ್ಟುಕೊಂಡ. ದೊಡ್ಡ ರಸ್ತೆ ಬಂತು. ಮೂರನೆಯ ಗೇರು ಹಾಕಿ ಕಾಲು ಸ್ವಲ್ಪ ಒತ್ತಿದಳು. ಕಾರು ಎಳೆಯಲು ಶುರುಮಾಡುವಷ್ಟರಲ್ಲಿ ಆ ಕೈ ಮತ್ತೆ ಹ್ಯಾಂಡ್‌ಬ್ರೇಕಿಗೆ ಬಂತು, ಈ ಸಲ ಹಿಡಿದೇ ಹಿಡಿಯಿತು. ಅವಳು ಎರಡನೆಯ ಸಲ ಹೇಳಲಿಲ್ಲ. ಕಾಲು ಸಡಿಲಿಸಿದಳು. ಉಳಿದ ದಾರಿ ಎತ್ತಿನ ಗಾಡಿಯ ವೇಗದಲ್ಲಿ ಸವೆಯಿತು. ಹಿಂದಿನವರು ಹಾರ್ನ್ ಹೊಡೆದು ಹೊಡೆದು ದಾಟಿಹೋದರು.

ತಾನು ಹೀಗೆ ಎಷ್ಟು ಜನರ ಪಕ್ಕ ಕುಳಿತಿದ್ದೆ ಎಂದು ಅವಳಿಗೆ ನೆನಪಾಯಿತು. ಅವರಿಗಾದರೂ ಒಂದು ದಿನ ಪಾಠ ಮುಗಿಯುತ್ತಿತ್ತು.

ಅಂಗಳದಲ್ಲಿ ವ್ಯಾಪಾರಿ ಹೊಸ ಬಣ್ಣದ ಗೇಟಿನ ಕಂಬದ ಹತ್ತಿರ ನಿಂತಿದ್ದ. "ಒಂದು ಗೀರೂ ಇಲ್ದೆ ತಂದಿದೀರಲ್ಲಮ್ಮಾ, ಶಭಾಷ್!" ಎಂದ. ಅವಳು ಸಹಿ ಹಾಕಿ ಕೀಲಿ ಕೊಟ್ಟಳು. ಅಳಿಯ ಬೂದುಬಣ್ಣದ ಕಾರನ್ನು ಹೊರಗೆ ತಂದು ಬಾಗಿಲು ತೆರೆದ.

"ಬನ್ನಿ ಅತ್ತೆ."

"ನೀವು ಹೋಗಿ. ನಂಗೆ ಬೇರೆ ಕಡೆ ಕೆಲ್ಸ ಇದೆ."

"ಎಲ್ಲಿಗೆ? ಬಿಟ್ಟು ಹೋಗ್ತೀನಿ."

"ಬೇಡ ಅಂದ್ನಲ್ಲ."

ಅವನು ಹೋದ ಮೇಲೆ ಅವಳು ಮನೆಯ ಕಡೆ ಹೋಗುವ ಬಸ್ಸು ಹತ್ತಿದಳು. ಡ್ರೈವರನ ಹಿಂದಿನ ಸೀಟು ಖಾಲಿ ಇತ್ತು. ಕಂಡಕ್ಟರ್ "ಅಲ್ಲೇ ಕೂತ್ಕೊಳ್ಳಿ ಅಜ್ಜಿ" ಎಂದ. ಅವಳು ಸರಳು ಹಿಡಿದುಕೊಂಡು ಕೊನೆಯ ಸಾಲಿಗೆ ಹೋಗಿ ಕುಳಿತಳು. ಅಲ್ಲಿಂದ ಮುಂದಿನ ರಸ್ತೆ ಕಾಣುತ್ತಿರಲಿಲ್ಲ, ಬರೀ ಜನರ ತಲೆಗಳು.