ಅಣ್ಣನ ಸಹಿ, ತಂಗಿಯ ತಪ್ಪು

ಖಾರಘರದ ನಮ್ಮ ಫ್ಲ್ಯಾಟಿನ ಬಾಗಿಲುಗಳಿಗೆ ಮೊನ್ನೆ ಬಣ್ಣ ಬಳಿಸಿದೆವು. ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿದದ್ದೇ ತಡ, ನಾವು ಮೊದಲಿದ್ದ ಡೊಂಬಿವಲಿಯ ಹಳೆಯ ಬಿಲ್ಡಿಂಗಿನಲ್ಲಿ ನಮ್ಮ ಪಕ್ಕದ ಖೋಲಿ ಕಣ್ಣೆದುರು ಬಂತು. ಅಲ್ಲಿ ಕಿಟಕಿಯ ಬಳಿ ಕೂತು ಚಿತ್ರ ಬರೆಯುತ್ತಿದ್ದ ನೆರೆಮನೆಯ ಅಕ್ಕ…

ಧಾರವಾಡದ ಕಡೆಯವರು. ಸ್ಟೇಷನ್ನಿನ ಹತ್ತಿರ ಅವರ ಅಣ್ಣನ ಅಂಗಡಿ. ತೀರಿಹೋದವರ ಫೋಟೊ ಕೊಟ್ಟರೆ ಎಣ್ಣೆಬಣ್ಣದಲ್ಲಿ ದೊಡ್ಡದಾಗಿ ಬರೆದುಕೊಡುತ್ತಾನೆಂದು ಆತ ಹೆಸರುವಾಸಿ. ಆದರೆ ರೇಷನ್ ಕಾರ್ಡಿನ ಮಸುಕು ಫೋಟೊ ನೋಡಿಯೂ ಕಣ್ಣಿಗೆ ಜೀವ ತುಂಬುತ್ತಿದ್ದುದು ಮನೆಯಲ್ಲಿದ್ದ ಈ ತಂಗಿ. ಆ ಮಹಾಶಯ ಸಂಜೆ ಬಂದು ಮೂಲೆಯಲ್ಲಿ ತನ್ನ ಸಹಿ ಗೀಚುತ್ತಿದ್ದ, ಅಷ್ಟೇ.

"ನಿಮ್ಮ ಹೆಸರು ಯಾಕೆ ಹಾಕುವುದಿಲ್ಲ?" ಎಂದು ಒಮ್ಮೆ ಕೇಳಿದ್ದೆ.

"ಹೆಂಗಸು ಬರದಾಳಂದ್ರ ಗಿರಾಕಿ ಬರ್ತಾರೇನ್ರೀ ವೈನಿ?" ಎಂದು ನಕ್ಕಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿದಿತ್ತು.

ನನ್ನ ಅತ್ತೆಗೂ ಅವರಿಗೂ ಬಲು ಸಲಿಗೆ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದ ಅತ್ತೆ ಕೊನೆಯ ಕಾಯಿಲೆಯಲ್ಲಿ ಮಲಗಿದ್ದರು. ಒಂದು ಮಧ್ಯಾಹ್ನ, ನಾನು ಗಂಜಿ ಕುಡಿಸುತ್ತಿದ್ದಾಗ, ಅಕ್ಕನ ಕೈ ಹಿಡಿದು ಹೇಳಿದರು: "ನನ್ನ ಚಿತ್ರ ನೀನೇ ಬರಿ ಮಾರಾಯ್ತಿ. ಹಣೆಗೊಂದು ಕುಂಕುಮ ಇಡು. ಬೋಳು ಹಣೆ ನೋಡಿ ನೋಡಿ ಸಾಕಾಯ್ತು."

ಅತ್ತೆ ತೀರಿಕೊಂಡ ಹದಿಮೂರನೆಯ ದಿನ ಬೆಳಗ್ಗೆ, ತಾವು ಬರೆದಿದ್ದ ಅವರ ಚಿತ್ರಕ್ಕೆ ಅಣ್ಣನ ಸಹಿ ಬಿದ್ದ ಮೇಲೆ, ಅಕ್ಕ ಕುಂಕುಮ ಬರೆದರು. ಕಾಸಿನಗಲವೇನಲ್ಲ, ಹೆಸರುಕಾಳಿನಷ್ಟು. ಚಿತ್ರಕ್ಕೆ ಹಾರ ಹಾಕಲು ಹೋದ ನಮ್ಮ ದೊಡ್ಡಬಾವ ಹೌಹಾರಿದರು.

"ಅಮ್ಮನಿಗೆ ಕುಂಕುಮವಾ? ಅಪ್ಪ ಸತ್ತು ಎಷ್ಟು ವರ್ಷ ಆಯ್ತು! ನಾಲ್ಕು ಜನ ಏನು ಹೇಳಿಯಾರು?"

ಊಟಕ್ಕೆ ಬಂದಿದ್ದ ಅಣ್ಣ ತಡಮಾಡಲಿಲ್ಲ. "ಇದು ನಾ ಬರದದ್ದಲ್ರೀ. ನಮ್ಮ ತಂಗಿ ಬರದಾಳ. ತಪ್ಪು ಆಕೀದು" ಎಂದುಬಿಟ್ಟ. ಚಿತ್ರ ಬರೆದವಳು ತಂಗಿ ಎಂದು ಅವನ ಬಾಯಿಂದ ನಾನು ಕೇಳಿದ್ದು ಅದೊಂದೇ ಸಲ. ಥೂ, ಅದೂ ಎಂಥ ಹೊತ್ತಿನಲ್ಲಿ!

ಅಕ್ಕ ನನ್ನ ಮುಖ ನೋಡಿದರು. ಅವರನ್ನು ಬಿಟ್ಟರೆ ಅತ್ತೆಯ ಮಾತು ಕೇಳಿಸಿಕೊಂಡಿದ್ದವಳು ನಾನೊಬ್ಬಳೇ. ಬಾವನೆದುರು ಬಾಯಿ ತೆಗೆಯಲು ಹೆದರಿ ನಾನು ತಲೆ ತಗ್ಗಿಸಿ ಬಾಳೆಲೆ ಒರೆಸುತ್ತ ನಿಂತೆ… ಅವರೂ ಅತ್ತೆಯ ಗುಟ್ಟು ಬಿಟ್ಟುಕೊಡಲಿಲ್ಲ. ಮನೆಗೆ ಹೋಗಿ ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆ ತಂದು, ಇನ್ನೂ ಹಸಿಯಾಗಿದ್ದ ಕುಂಕುಮವನ್ನು ಎಲ್ಲರೆದುರೇ ಒರೆಸಿದರು. ಆಮೇಲೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ವರ್ಷದೊಳಗೆ ಖೋಲಿ ಬಿಟ್ಟು ಎರಡು ಸ್ಟೇಷನ್ ಆಚೆಯ ದಿವಾಕ್ಕೆ ಮನೆ ಬದಲಿಸಿದರು.

ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಮೊನ್ನೆ ಗಂಡನಿಗೆ ಹೇಳಿದೆ. ಅವರು ಗೋಡೆಯ ಮೇಲಿದ್ದ ಅಮ್ಮನ ಚಿತ್ರ ಇಳಿಸಿ, "ಯಾರ ಹತ್ರವಾದ್ರೂ ಕುಂಕುಮ ಬರೆಸುವ" ಎಂದರು. ಮರುದಿನವೇ ಹಳೆಯ ನೆರೆಯವರನ್ನು ವಿಚಾರಿಸಿಕೊಂಡು ದಿವಾಕ್ಕೆ ಓಡಿದೆ. ಬಾಗಿಲು ತೆರೆದ ಮರಾಠಿ ಹೆಂಗಸು ತಲೆಯಾಡಿಸಿದಳು. ಅಕ್ಕ ತೀರಿಕೊಂಡು ಎರಡು ವರ್ಷವಾಯಿತಂತೆ.

ಅತ್ತೆಯ ಹಣೆಗೆ ಕುಂಕುಮ ಯಾರು ಬೇಕಾದರೂ ಬರೆದಾರು. ಆ ತಪ್ಪು ಅಕ್ಕನದಲ್ಲ ಎಂದು ನಾನು ಇನ್ನು ಯಾರಿಗೆ ಹೇಳಲಿ?